ಪೇಜ್‌ಮೇಕರ್ ಇನ್ನೂ ಯಾಕೆ ಅಂತ ಕೇಳುವವರಿಗೆ

ಸಂಪಾದಕರಿಗೆ ನಮಸ್ಕಾರ,

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತಲ್ಲ, ಆಮೇಲೆ ನಾನು ಓದಿದ ಬರಹಗಳಲ್ಲೆಲ್ಲ ಒಂದೇ ಸಲಹೆ. ಹಳೆಯದನ್ನು ಬಿಡಿ, ಹೊಸದಕ್ಕೆ ಹೋಗಿ. ಹೋಗದವರು ಸೋಮಾರಿಗಳು, ಇಲ್ಲವೇ ಜಿಪುಣರು ಎಂಬ ಧಾಟಿ. ಬದಿಯಡ್ಕದ ಕಡೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಕಟ್ಟುವ ಕೆಲಸ ಮಾಡಿಕೊಂಡಿರುವ ನನಗೆ ಇದನ್ನೆಲ್ಲ ಓದಿ ಸುಮ್ನೆ ಕೂರಲು ಆಗಲಿಲ್ಲ. ವಿಂಡೋಸ್ 10 ಬಿಡಿ ಸ್ವಾಮಿ, ನಮ್ಮಲ್ಲಿ ಇವತ್ತಿಗೂ ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ ಓಡುತ್ತಿದೆ. ಅದರ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ಕ್ಕೆ. ಅದರ ಮೇಲೆ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7, ಅದರೊಳಗೆ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು. ಮನೆ ಒಕ್ಕಲಿನ ಹೇಳಿಕೆ ಕಾಗದ, ದೇವಸ್ಥಾನದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ಮಹಾಸಭೆಯ ವರದಿ, ಶಾಲೆಯ ವಾರ್ಷಿಕ ಸಂಚಿಕೆ, ಹೀಗೆ ಬಹಳಷ್ಟು ಈ ದಾರಿಯಲ್ಲೇ ಅಚ್ಚಿಗೆ ಹೋಗಿವೆ, ಕೆಲವು ಇನ್ನೂ ಹೋಗುತ್ತಿವೆ.

ಇದು ಹಟ ಅಂತ ಅನಿಸಬಹುದು. ಸ್ವಲ್ಪ ಹಿಂದಿನದು ಹೇಳುತ್ತೇನೆ. ಪೇಜ್‌ಮೇಕರನ್ನು 1985ರಲ್ಲಿ ಹೊರತಂದದ್ದು ಆಲ್ಡಸ್ ಕಂಪೆನಿ. 1994ರಲ್ಲಿ ಆ ಕಂಪೆನಿಯೇ ಅಡೋಬಿ ಎಂಬ ಇನ್ನೊಂದು ಕಂಪೆನಿಯ ಕೈಸೇರಿತು. 2001ರಲ್ಲಿ 7.0 ಬಂತು, ಅದೇ ಕೊನೆ. ಅಷ್ಟರಲ್ಲಿ ಅಡೋಬಿ ಪುಟ ಕಟ್ಟಲು ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶ ಮಾರಲು ಹೊರಟಾಗಿತ್ತು. ಸರಿ, ಹೋಗೋಣ ಅಂದರೆ ಆ ಇನ್‌ಡಿಸೈನಿಗೆ ಕನ್ನಡದ ಒತ್ತು, ಗುಣಿತ ನೆಟ್ಟಗೆ ಕೂರಿಸಲು ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ! ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು ನಿಜ, ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಇತ್ತು ನಿಜ, ಆದರೆ ಪುಟ ಕಟ್ಟುವ ತಂತ್ರಾಂಶಕ್ಕೆ ಅದು ತಿಳಿಯದಿದ್ದರೆ ಅಂಗಡಿಯವನು ಏನು ಮಾಡಬೇಕು? ಗಿರಾಕಿಗೆ ಇಪ್ಪತ್ತು ವರ್ಷ ಕಾಯಿರಿ ಅನ್ನುವುದೇ? ಇದ್ದದ್ದರಲ್ಲಿ ಕೆಲಸ ಮಾಡಿದೆವು. ಮತ್ತೆ, ಪೇಜ್‌ಮೇಕರ್ ಕೆಟ್ಟದ್ದೇನೂ ಅಲ್ಲ. ಈಗಿನವರು ಮೂಸಿಯೂ ನೋಡದ ಹಳೆಯ ಪೆಂಟಿಯಂ ಮಿಷಿನ್ನಿನಲ್ಲೂ ಅದು ತಕ್ಷಣ ತೆರೆದುಕೊಳ್ಳುತ್ತದೆ. ನಡುವೆ ಪಿನ್ ಹೊಡೆಯುವ ಸಣ್ಣ ಪುಸ್ತಕಕ್ಕೆ ಪುಟ ಜೋಡಿಸಿ ಕೊಡುವ ಬಿಲ್ಡ್ ಬುಕ್ಲೆಟ್ ಅದರಲ್ಲೇ ಇದೆ. ಕೈಗೆ ಕೂತ ಶಾರ್ಟ್‌ಕಟ್ ಕೀಗಳು ಬೇರೆ.

ಇನ್ನು ಫಾಂಟಿನ ವಿಷಯ. ಇಲ್ಲೇ ಇರುವುದು ನಿಜವಾದ ಗೋಳು. ನಾವು ಆಸ್ಕಿ ಫಾಂಟ್ ಅಂತ ಕರೆಯುವುದು ಒಂದು ಬಗೆಯ ವೇಷ. ಕಂಪ್ಯೂಟರ್ ಲೆಕ್ಕಕ್ಕೆ ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಅವುಗಳ ಜಾಗದಲ್ಲಿ ಫಾಂಟು ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತದೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮೊದಲು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟು ಇರುವ ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ‘ಎ’, ‘ನ’ದ ಒತ್ತು ಇರಬೇಕಾದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ, ಕೊನೆಗೆ ಸಣ್ಣ ‘ಕ್ಯೂ’ ಮತ್ತು ಮತ್ತೊಂದು ಗೀಟಿನ ‘ಎ’. ನಮ್ಮ ಭಾಷೆಯ ಹೆಸರಿನೊಳಗೆ ಪೌಂಡ್! ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಆದರೆ ಸ್ಮರಣ ಸಂಚಿಕೆಯ ನೂರಾರು ಪುಟ ಹೀಗೆ ಕಂಡಾಗ ನಗು ಬರುವುದಿಲ್ಲ.

ಎಷ್ಟೋ ಜನ ‘ಪಿಡಿಎಫ್ ಮಾಡಿ ಇಟ್ಟುಬಿಡಿ, ಮುಗಿಯಿತಲ್ಲ’ ಅನ್ನುತ್ತಾರೆ. ಮುಗಿಯುವುದಿಲ್ಲ. ಪಿಡಿಎಫ್ ಒಳಗೆ ಫಾಂಟು ಸೇರಿರುವುದರಿಂದ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಪ್ರಿಂಟೂ ಚೆನ್ನಾಗಿ ಬರುತ್ತದೆ. ಒಂದು ಹೆಸರು ಹುಡುಕಲು ಹೊರಡಿ, ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ, ಮತ್ತೆ ಅದೇ ಪೌಂಡು.

ನಮ್ಮ ಕಡೆ ಹಳೆಯ ಫೈಲುಗಳಿಗೆ ಬೇಡಿಕೆ ಹೇಗೆ ಬರುತ್ತದೆ ಎಂದು ಒಂದು ಮಾತು. ದೇವಸ್ಥಾನಗಳಲ್ಲಿ ಬ್ರಹ್ಮಕಲಶದ ಉತ್ಸವ ಹನ್ನೆರಡು ವರ್ಷಕ್ಕೊಮ್ಮೆ ಆಗಬೇಕು ಎಂಬುದು ವಾಡಿಕೆ. ಸಮಿತಿಯವರು ಬಂದು ಕುಳಿತುಕೊಂಡು, ‘ಅಣ್ಣಾ, ಹೋದ ಸಲದ ಸಂಚಿಕೆ ನಿಮ್ಮ ಕಂಪ್ಯೂಟರಿನಲ್ಲೇ ಇರಬೇಕಲ್ವಾ? ಸ್ಥಳಪುರಾಣ ಹಾಗೆಯೇ ಹಾಕಿದರೆ ಆಯ್ತು, ಹಳೆಯ ಮೊಕ್ತೇಸರರ ಪಟ್ಟಿಗೆ ಎರಡು ಹೆಸರು ಸೇರಿಸಿದರೆ ಸಾಕು’ ಅನ್ನುತ್ತಾರೆ. ಅವರ ಪಾಲಿಗೆ ಅದು ಮೊನ್ನೆ ಮೊನ್ನೆಯದು. ಕಂಪ್ಯೂಟರ್ ಪಾಲಿಗೆ ಯುಗ. ಎಕ್ಸ್‌ಪಿ 2001ರಲ್ಲಿ ಬಂದು 2014ರವರೆಗೆ ಬಾಳಿತು, ಹಾಗಾಗಿ ಒಂದು ಬ್ರಹ್ಮಕಲಶದಿಂದ ಇನ್ನೊಂದಕ್ಕೆ ಹೇಗೋ ತಲುಪಿತು. ವಿಂಡೋಸ್ 10ಕ್ಕೆ ಸಿಕ್ಕಿದ್ದು 2015ರಿಂದ ಹತ್ತೇ ವರ್ಷ. ಹಳೆಯ ಮಿಷಿನ್ ಓಡುತ್ತಿರುವ ಅಂಗಡಿಯವನು ‘ಇದೆ, ಕೂತುಕೊಳ್ಳಿ’ ಅನ್ನುತ್ತಾನೆ. ಹೊಸದಕ್ಕೆ ಪೂರ್ತಿ ಹೋದವನು ಮುದ್ರಿತ ಪ್ರತಿ ತರಿಸಿ ಮೊದಲ ಅಕ್ಷರದಿಂದ ಮತ್ತೆ ಟೈಪ್ ಮಾಡಿಸುತ್ತಾನೆ, ಅದಕ್ಕೆ ದುಡ್ಡೂ ತೆಗೆದುಕೊಳ್ಳುತ್ತಾನೆ. ಯಾರು ಜಿಪುಣ ಅಂತ ನೀವೇ ಹೇಳಿ.

ಆಸ್ಕಿಯಿಂದ ಯುನಿಕೋಡಿಗೆ ಬದಲಾಯಿಸುವ ಕನ್ವರ್ಟರುಗಳು ಇವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ನುಡಿಯಲ್ಲೂ ಬರಹದಲ್ಲೂ ಆ ಸೌಲಭ್ಯ ಇದೆ, ಬೇರೆಯವರು ಮಾಡಿದ್ದೂ ಇದೆ. ಬಹಳ ಉಪಕಾರ ಮಾಡಿವೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಲಸ ಅಷ್ಟು ಸಸಾರ ಅಲ್ಲ. ‘ಧರ್ಮ’ ಎಂಬ ಪದ ನೋಡಿ. ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಯಲ್ಲಿ ಬರುತ್ತದೆ, ಅಂದರೆ ‘ಧ’, ‘ಮ’, ಆಮೇಲೆ ಅರ್ಕಾವೊತ್ತು. ಯುನಿಕೋಡಿನಲ್ಲಿ ನಾವು ಹೇಳುವ ಕ್ರಮ: ‘ಧ’, ಅರ್ಧ ‘ರ’, ‘ಮ’. ಕನ್ವರ್ಟರ್ ಆ ಒತ್ತನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಬೇಕು. ಒಂದರ ಕೆಳಗೆ ಎರಡು ಒತ್ತು, ಅದರ ಜತೆ ದೀರ್ಘ, ಅದಕ್ಕೊಂದು ಅರ್ಕಾವೊತ್ತು ಬಂದರೆ ಕನ್ವರ್ಟರಿಗೂ ತಲೆ ಕೆಡುತ್ತದೆ. ಮೇಲಾಗಿ ಫಾಂಟಿನಿಂದ ಫಾಂಟಿಗೆ ತುಂಡುಗಳ ಜಾಗ ಬೇರೆ. ನುಡಿಯ ಕನ್ವರ್ಟರಿಗೆ ಶ್ರೀಲಿಪಿಯ ಪಠ್ಯ ಕೊಟ್ಟರೆ ಬರುವುದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಹಾಗಾಗಿ ಬದಲಾಯಿಸಿದ ಮೇಲೆ ಒಬ್ಬರು ಕೂತು ಸಾಲು ಸಾಲು ಓದಲೇಬೇಕು. ಮೂಲ ಹೇಗಿತ್ತು ಎಂದು ತಾಳೆ ನೋಡಲು ಏನು ಬೇಕು? ಅದನ್ನು ಸರಿಯಾಗಿ ತೋರಿಸುವ ಹಳೆಯ ತಂತ್ರಾಂಶ, ಹಳೆಯ ಫಾಂಟು. ಅಂದರೆ ಹೊಸದಕ್ಕೆ ಹೋಗಲಿಕ್ಕೂ ಹಳೆಯದು ಬದುಕಿರಬೇಕು. ಈ ಸರಳ ವಿಷಯ ಯಾಕೋ ಸಲಹೆ ಕೊಡುವವರ ತಲೆಗೆ ಹೋಗುವುದಿಲ್ಲ.

ಹಳೆಯದನ್ನು ಓಡಿಸುವುದು ಮಾತ್ರ ದಿನದಿಂದ ದಿನಕ್ಕೆ ಕಷ್ಟ ಆಗುತ್ತಿದೆ. ಆ ಕಾಲದ ಕೆಲವು ಭಾರತೀಯ ಭಾಷಾ ತಂತ್ರಾಂಶಗಳ ಜತೆ ಒಂದು ‘ಲಾಕ್’ ಬರುತ್ತಿತ್ತು. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಕೇಬಲ್ ಚುಚ್ಚುವ ಪ್ಯಾರಲಲ್ ಪೋರ್ಟ್ ಇತ್ತಲ್ಲ, ಅದಕ್ಕೆ ಈ ಬೆಂಕಿಪೊಟ್ಟಣದಷ್ಟಿನ ಪ್ಲಾಸ್ಟಿಕ್ ತುಂಡು ಸಿಕ್ಕಿಸಬೇಕು, ಅದರ ಹಿಂದೆ ಪ್ರಿಂಟರ್ ಕೇಬಲ್. ಲಾಕ್ ಇಲ್ಲದಿದ್ದರೆ ತಂತ್ರಾಂಶ ಬಾಯಿ ಬಿಡುವುದಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲ. ಲಾಕಿನ ಒಂದು ಪಿನ್ನು ಮುರಿದರೆ ದುಡ್ಡು ಕೊಟ್ಟು ಕೊಂಡದ್ದೆಲ್ಲ ನೀರಿಗೆ ಹೋದ ಹಾಗೆ. ಇನ್ನೊಂದು, ಆ ಕಾಲದ ಎಷ್ಟೋ ಸಿಡಿಗಳ ಇನ್‌ಸ್ಟಾಲರ್ 16 ಬಿಟ್‌ನದು, ಅದು 64 ಬಿಟ್ ವಿಂಡೋಸಿನಲ್ಲಿ ಏಳುವುದೇ ಇಲ್ಲ. ಹಾರ್ಡ್‌ಡಿಸ್ಕ್ ಹೋದ ದಿನ ಇದೆಲ್ಲ ಒಟ್ಟಿಗೆ ನೆನಪಾಗುತ್ತದೆ.

ಸುರಕ್ಷೆಯ ಮಾತೂ ಆಡಬೇಕು, ಇಲ್ಲದಿದ್ದರೆ ಯಾರಾದರೂ ನನ್ನನ್ನು ಹಿಡಿದುಕೊಳ್ಳುತ್ತಾರೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಪಿಡುಗು ಹಬ್ಬಿದಾಗ ಮೈಕ್ರೋಸಾಫ್ಟ್ ತಾನೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ತುರ್ತು ತೇಪೆ ಕೊಡಬೇಕಾಯಿತು. ಅಷ್ಟು ಅಪಾಯ ಇತ್ತು. ಎಕ್ಸ್‌ಪಿ ಮಿಷಿನ್ನಿಗೆ ಇಂಟರ್ನೆಟ್ ಕೊಟ್ಟು ಅದರಲ್ಲೇ ಬ್ಯಾಂಕಿನ ಕೆಲಸ ಮಾಡುವವರಿದ್ದರೆ ಅವರಿಗೆ ಕೈ ಮುಗಿಯುತ್ತೇನೆ, ದಯವಿಟ್ಟು ಬೇಡ. ಕೇಬಲ್ ಕಿತ್ತು ಬದಿಗಿಡಿ, ಪುಟ ಕಟ್ಟಲು ಮಾತ್ರ ಬಳಸಿ, ಸಿಕ್ಕ ಸಿಕ್ಕವರ ಪೆನ್‌ಡ್ರೈವ್ ಸಿಕ್ಕಿಸಬೇಡಿ. ಹೊಸ ಮಿಷಿನ್ ಇದ್ದವರು ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಎಕ್ಸ್‌ಪಿಯನ್ನೇ ಓಡಿಸಬಹುದು, ಕಂಪ್ಯೂಟರಿನೊಳಗೊಂದು ಕಂಪ್ಯೂಟರ್. ನೆಟ್‌ವರ್ಕ್ ಬೇಡ ಎಂದು ಅಲ್ಲೇ ಟಿಕ್ ತೆಗೆದರೆ ಆಯಿತು. ಮೂಲ ಸಿಡಿ, ಲೈಸೆನ್ಸ್ ಕೀ ಎತ್ತಿಟ್ಟವರಿಗೆ ಇದು ಒಳ್ಳೆಯ ದಾರಿ.

ಈಗ ನಾನು ಹೇಳಲು ಹೊರಟ ವಿಷಯಕ್ಕೆ ಬರುತ್ತೇನೆ. ಹಳೆಯ ತಂತ್ರಾಂಶ ಬದುಕುವುದೂ ಸಾಯುವುದೂ ಅದರ ವಯಸ್ಸಿನಿಂದ ಅಲ್ಲ. ಅದರ ಮೂಲ ಕೋಡ್, ಅಂದರೆ ಅದನ್ನು ಮಾಡಿದವರು ಬರೆದ ಮೂಲ ಬರಹ, ಯಾರ ಕೈಯಲ್ಲಿದೆ ಎಂಬುದರಿಂದ.

ವಿಂಡೋಸಿನ ಬದಲು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆ ಬಳಸುವವರ ಕಥೆ ಕೇಳಿ. ಅಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ಇದೆ, ಅಂದರೆ ಮೆನು, ಕಿಟಕಿಗಳನ್ನೆಲ್ಲ ತೋರಿಸುವ ಭಾಗ. ಅದರ 3.5 ಆವೃತ್ತಿ 2005ರಲ್ಲಿ ಬಂದು ಜನರಿಗೆ ಒಗ್ಗಿಹೋಗಿತ್ತು. 2008ರ ಜನವರಿಯಲ್ಲಿ 4.0 ಬಂತು, ಎಲ್ಲ ಹೊಸತು, ಆದರೆ ಅರ್ಧ ಬೆಂದದ್ದು. ಬೇಡ ಅಂದವರು ಸುಮ್ಮನೆ ಗೊಣಗಲಿಲ್ಲ. ಟಿಮೊಥಿ ಪಿಯರ್ಸನ್ ಎಂಬವರು ಮುಂದೆ ಬಂದು ಆ 3.5ರ ಕೋಡನ್ನೇ ಎತ್ತಿಕೊಂಡು 2010ರಲ್ಲಿ ಟ್ರಿನಿಟಿ ಎಂಬ ಹೆಸರಿನಲ್ಲಿ ಹೊರತಂದರು. ಮೂಲ ತಂಡ ಕೈಬಿಟ್ಟು ಎಷ್ಟು ವರ್ಷ ಆಯಿತು, ಟ್ರಿನಿಟಿಗೆ ಇನ್ನೂ ಹೊಸ ಬಿಡುಗಡೆಗಳು ಬರುತ್ತಿವೆ. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನಲ್ಲೂ ಇದೇ ಆಯಿತು. 2011ರಲ್ಲಿ ಗ್ನೋಮ್ 3 ಬಂದು ಮೆನುವನ್ನೂ ಕೆಳಗಿನ ಪಟ್ಟಿಯನ್ನೂ ತೆಗೆದುಹಾಕಿದಾಗ ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೆಯ ಗ್ನೋಮ್ 2ರ ಕೋಡ್ ತೆಗೆದುಕೊಂಡು ತನ್ನ ದೇಶದ ಕಷಾಯದಂಥ ಪಾನೀಯದ ಹೆಸರಿಟ್ಟು ಮಾಟೆ ಎಂದು ಶುರುಮಾಡಿದ. 2015ರಲ್ಲಿ ಉಬುಂಟು ಎಂಬ ಹೆಸರಾಂತ ಲಿನಕ್ಸಿನಲ್ಲೇ ಅದಕ್ಕೊಂದು ಅಧಿಕೃತ ಬಗೆ ಬಂತು. ಹಳೆಯ ಲ್ಯಾಪ್‌ಟಾಪಿಗೆ ಅದು ಹೇಳಿ ಮಾಡಿಸಿದ್ದು. ಯಾರ ಅನುಮತಿಯೂ ಬೇಕಾಗಲಿಲ್ಲ ನೋಡಿ. ಕೋಡ್ ಇತ್ತು, ಬೇಕು ಅನ್ನುವವರು ಇದ್ದರು, ಆಯಿತು.

3ಡಿ ಚಿತ್ರ ಮಾಡುವ ಬ್ಲೆಂಡರ್ ಎಂಬ ತಂತ್ರಾಂಶದ ಕಥೆ ಇನ್ನೂ ಚೆನ್ನ. ಅದನ್ನು ಮಾಡಿದ ಕಂಪೆನಿ ಮುಚ್ಚಿದಾಗ ಬಳಕೆದಾರರು 2002ರಲ್ಲಿ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಕೋಡನ್ನು ಬಿಡಿಸಿಕೊಂಡರು. ಅಡವಿಟ್ಟ ಚಿನ್ನ ಬಿಡಿಸುವ ಹಾಗೆಯೇ.

ಪೇಜ್‌ಮೇಕರಿಗೆ ಆ ಭಾಗ್ಯ ಇಲ್ಲ. ಕೋಡ್ ಅಡೋಬಿಯ ಬೀಗದೊಳಗೆ. ಅವರಾಗಿ ಒಂದು ಒಳ್ಳೆಯ ಕೆಲಸ ಮಾಡಿದ್ದೂ ಉಂಟು. ಸಿಎಸ್2 ಎಂಬ ಹಳೆಯ ಆವೃತ್ತಿಯ ತಂತ್ರಾಂಶಗಳನ್ನು ಸಕ್ರಿಯಗೊಳಿಸುವ ಸರ್ವರುಗಳನ್ನು ಮುಚ್ಚಿದಾಗ, ಕೊಂಡವರಿಗಾಗಿ ಸರ್ವರ್ ಕೇಳದ ಪ್ರತಿಗಳನ್ನು 2013ರ ಜನವರಿಯ ಹೊತ್ತಿಗೆ ತಮ್ಮ ಜಾಲತಾಣದಲ್ಲೇ ಇಟ್ಟಿದ್ದರು. ಅದೇ ವರ್ಷ ತಿಂಗಳ ಬಾಡಿಗೆಯ ಪದ್ಧತಿಗೆ ಹೊರಳಿದರು. 2019ರಲ್ಲಿ ಕ್ರಿಯೇಟಿವ್ ಕ್ಲೌಡ್ ಎಂಬ ಆ ಬಾಡಿಗೆ ತಂತ್ರಾಂಶಗಳ ಹಳೆಯ ಆವೃತ್ತಿ ಬಳಸುತ್ತಿದ್ದವರಿಗೆ, ಇನ್ನು ನಿಮಗೆ ಅದನ್ನು ಬಳಸುವ ಲೈಸೆನ್ಸ್ ಇಲ್ಲ ಎಂದು ಮಿಂಚಂಚೆ ಹೋಯಿತು. ಪೇಜ್‌ಮೇಕರ್ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯುತ್ತಿತ್ತು. ಬಾಡಿಗೆಯ ಇನ್‌ಡಿಸೈನ್ ಬಂದ ಮೇಲೆ ಆ ಬಾಗಿಲೂ ಮುಚ್ಚಿತು. ತಮ್ಮದೇ ಫೈಲನ್ನು ತಾವೇ ತೆರೆಯುವುದಿಲ್ಲ ಅಂದರೆ ಏನು ಹೇಳುವುದು?

ಆ ಬಾಗಿಲನ್ನು ತೆರೆದಿಟ್ಟವರು ಯಾರು ಗೊತ್ತಾ? ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದವರು. 2015ರ 4.4 ಆವೃತ್ತಿಯಿಂದ ಅದರಲ್ಲಿ ಪೇಜ್‌ಮೇಕರ್ ಫೈಲ್ ತೆರೆಯಬಹುದು. ಪುಟ ಅಲ್ಲಲ್ಲಿ ಅಸ್ತವ್ಯಸ್ತ ಆಗುತ್ತದೆ, ಅದು ನಿಜ. ಆದರೆ ಪಠ್ಯ ಹೊರಗೆ ಬಂದರೆ ಕನ್ವರ್ಟರಿಗೆ ಕೊಡಬಹುದು. ಡಿಟಿಪಿಯ ಗೆಳೆಯರು ಇದನ್ನು ಒಮ್ಮೆ ಪ್ರಯತ್ನಿಸಿ ನೋಡಬೇಕು.

ನಮ್ಮದೇ ಉದಾಹರಣೆ ಬೇಕೆಂದರೆ ಕೀಲಿಮಣೆ ನೋಡಿ. ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಮುಂದೆ ಕರ್ನಾಟಕ ಸರಕಾರದ ಅಧಿಕೃತ ಕೀಲಿಮಣೆ ಆಯಿತು. ನುಡಿಯಲ್ಲಿ ಅದೇ, ಬರಹದಲ್ಲೂ ಅದು ಸಿಗುತ್ತದೆ, ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಅದು ಇದೆ. ಎಷ್ಟು ತಂತ್ರಾಂಶ ಬಂದು ಹೋದರೂ ನಮ್ಮ ಬೆರಳಿನ ಅಭ್ಯಾಸ ಬದಲಾಗಬೇಕಾಗಲಿಲ್ಲ. ಅದನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳದ ಕಾರಣ ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲಿ ಸೇರಿಸಿಕೊಂಡರು. ಫಾಂಟುಗಳಿಗೂ ಹಾಗೇ ಆಗಿದ್ದರೆ ಇಷ್ಟು ಉದ್ದದ ಪತ್ರ ಬರೆಯುವ ಅಗತ್ಯ ಇರಲಿಲ್ಲ. ಗುಬ್ಬಿ, ನವಿಲು ಫಾಂಟುಗಳು ಮುಕ್ತವಾಗಿ ಸಿಗುತ್ತವೆ, ಸಂತೋಷ. ಅವು ಯುನಿಕೋಡಿನವು. ಹಳೆಯ ಫೈಲಿನ ಕಷ್ಟ ಅವುಗಳಿಂದ ತೀರುವುದಿಲ್ಲ.

ಕಾಸರಗೋಡಿನಲ್ಲಿ ಕೂತವರಿಗೆ ಇನ್ನೊಂದು ವಿಚಿತ್ರವೂ ಕಾಣುತ್ತದೆ. ನಮ್ಮ ಮಕ್ಕಳು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿಯುವುದು ಮುಕ್ತ ತಂತ್ರಾಂಶದಲ್ಲಿ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿ ಆಯಿತು. ಶಾಲೆಯ ಲ್ಯಾಪ್‌ಟಾಪುಗಳಲ್ಲಿ ಅವರೇ ಉಬುಂಟುವಿನಿಂದ ಮಾಡಿಕೊಂಡ ಲಿನಕ್ಸ್. ಅದೇ ಹುಡುಗ ಹತ್ತನೇ ಕ್ಲಾಸು ಮುಗಿಸಿ ನನ್ನಂಥವನ ಅಂಗಡಿಗೆ ಕೆಲಸಕ್ಕೆ ಬಂದರೆ ಅವನ ಎದುರಿಗೆ ಎಕ್ಸ್‌ಪಿ, ಪೇಜ್‌ಮೇಕರ್, ಆಸ್ಕಿ! ಅವನಿಗೆ ಅದು ಮ್ಯೂಸಿಯಂ. ಇತ್ತ ಮಲೆಯಾಳದವರಿಗೂ ಹಳೆಯ ಫಾಂಟುಗಳ ಕಾಟ ನಮ್ಮಷ್ಟೇ ಇತ್ತು. ಅವರಲ್ಲಿ ಸ್ವತಂತ್ರ ಮಲೆಯಾಳಂ ಕಂಪ್ಯೂಟಿಂಗ್ ಎಂಬ ಗುಂಪು 2002ರಿಂದ ಕೆಲಸ ಮಾಡುತ್ತಿದೆ. ಪಯ್ಯನ್ಸ್ ಎಂಬ ಕನ್ವರ್ಟರನ್ನು ಕೋಡ್ ಸಮೇತ ಎಲ್ಲರಿಗೂ ಕೊಟ್ಟರು. ಹೊಸ ಫಾಂಟಿನ ಅಕ್ಷರ ಪಟ್ಟಿ ಬೇಕಾದರೆ ಯಾರು ಬೇಕಾದರೂ ಸೇರಿಸಬಹುದು. ಇದರಲ್ಲಿ ನಾವು ಅವರನ್ನು ನೋಡಿ ಕಲಿತರೆ ತಪ್ಪೇನಿಲ್ಲ. ಗಡಿಯ ಜಗಳ ಬೇರೆ, ಇದು ಬೇರೆ.

ಹಾಗಾದರೆ ನನಗೆ ಏನು ಬೇಕು? ಸರಕಾರದ ದುಡ್ಡಿನಲ್ಲಿ ಆದ ಕನ್ನಡ ತಂತ್ರಾಂಶ, ಫಾಂಟು ಯಾವುದೇ ಇರಲಿ, ಹೊಸ ಆವೃತ್ತಿ ಬಂದ ದಿನ ಹಳೆಯದರ ಕೋಡನ್ನೂ ಅದರ ಅಕ್ಷರ ಪಟ್ಟಿಯನ್ನೂ ಸಾರ್ವಜನಿಕರಿಗೆ ಬಿಡಬೇಕು. ಯಾವ ಸಂಖ್ಯೆಯ ಜಾಗದಲ್ಲಿ ಯಾವ ತುಂಡು ಇದೆ ಎಂಬ ಆ ಪಟ್ಟಿ ಒಂದಿದ್ದರೆ ಐವತ್ತು ವರ್ಷ ಬಿಟ್ಟು ಬಂದವನೂ ಕನ್ವರ್ಟರ್ ಬರೆಯಬಲ್ಲ. ಹಳೆಯ ಆವೃತ್ತಿಗಳ ಇನ್‌ಸ್ಟಾಲರುಗಳನ್ನು ಜಾಲತಾಣದಿಂದ ಅಳಿಸದೆ ಒಂದು ಮೂಲೆಯಲ್ಲಿ ಇಡಬೇಕು. ಇಡಲು ಏನು ಮಹಾ ಖರ್ಚು? ಖಾಸಗಿ ಕಂಪೆನಿಗಳು ಮಾರಾಟ ನಿಲ್ಲಿಸಿದ ಫಾಂಟುಗಳ ಅಕ್ಷರ ಪಟ್ಟಿಯನ್ನಾದರೂ ಕೊಡಲಿ, ಲಾಕ್ ಇಲ್ಲದೆ ತೆರೆಯುವ ಒಂದು ಪ್ರತಿಯನ್ನು ಹಳೆಯ ಗಿರಾಕಿಗಳಿಗೆ ಕೊಡಲಿ. ಮಾರುವುದಿಲ್ಲ, ರಿಪೇರಿ ಮಾಡುವುದಿಲ್ಲ, ಬೇರೆಯವರು ಮುಟ್ಟಬಾರದು ಎಂದರೆ ಅದು ನ್ಯಾಯವಾ?

ಕಾಲೇಜುಗಳ ಕನ್ನಡ ವಿಭಾಗಗಳು, ದೊಡ್ಡ ಗ್ರಂಥಾಲಯಗಳು ಒಂದೊಂದು ಹಳೆಯ ಮಿಷಿನ್ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡರೆ ಬಹಳ ಉಪಯೋಗ. ಫ್ಲಾಪಿ ಡ್ರೈವ್, ಸಿಡಿ ಡ್ರೈವ್, ಎಕ್ಸ್‌ಪಿ, ಪೇಜ್‌ಮೇಕರ್, ಆ ಕಾಲದ ಫಾಂಟುಗಳು ಇಷ್ಟಿದ್ದರೆ ಸಾಕು. ಗಡಿನಾಡಿನ ಕವಿಗಳ, ಅರ್ಥಧಾರಿಗಳ, ಮೇಷ್ಟ್ರುಗಳ ಮನೆಯಲ್ಲಿ ಅಚ್ಚಾಗದೆ ಉಳಿದ ಬರಹ ಫ್ಲಾಪಿಯಲ್ಲಿ, ಸಿಡಿಯಲ್ಲಿ ಬಿದ್ದಿರಬಹುದು. ಇಂಥ ಜಾಗಕ್ಕೆ ತಂದರೆ ಓದಿ, ಬದಲಾಯಿಸಿ ಕೊಡಬಹುದು. ತಾಳೆಗರಿಗೆ ಎಣ್ಣೆ ಹಚ್ಚಿ ಉಳಿಸುವ ಸಂಸ್ಥೆಗಳಿವೆ, ಫ್ಲಾಪಿಗೂ ಯಾರಾದರೂ ಬೇಕಲ್ಲ.

ಕೊನೆಯದಾಗಿ ನನ್ನಂಥ ಅಂಗಡಿಯವರಲ್ಲಿ ಒಂದು ವಿನಂತಿ. ಹಳೆಯ ಸಿಪಿಯುವನ್ನು ಗುಜರಿಗೆ ಹಾಕುವ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ, ಫೈಲುಗಳ ಜತೆಗೆ ಫಾಂಟ್ ಫೋಲ್ಡರನ್ನೂ ಪೂರ್ತಿ ಕಾಪಿ ಮಾಡಿ ಇಡಿ. ಫೈಲ್ ಮಾತ್ರ ಇಟ್ಟು ಫಾಂಟ್ ಬಿಟ್ಟರೆ ಪ್ರಯೋಜನ ಇಲ್ಲ. ಯಾವ ಕೆಲಸಕ್ಕೆ ಯಾವ ಫಾಂಟ್ ಎಂದು ಒಂದು ಕಾಗದದಲ್ಲಿ ಬರೆದು ಡಿಸ್ಕಿಗೇ ಅಂಟಿಸಿ. ಬಿಡುವಿದ್ದಾಗ ಒಂದೊಂದೇ ಫೈಲಿನ ಪಠ್ಯ ಹೊರತೆಗೆದು ಯುನಿಕೋಡಿಗೆ ಬದಲಾಯಿಸುತ್ತಾ ಬನ್ನಿ, ಸ್ಥಳಪುರಾಣ, ಊರಿನ ಚರಿತ್ರೆಯಂಥದ್ದು ಮೊದಲು, ಮದುವೆಯ ಕಾಗದ ಆಮೇಲೆ. ಆ ಲಾಕ್‌ಗಳು ನಿಮ್ಮಲ್ಲಿ ಇದ್ದರೆ ಪಿನ್ ಬಗ್ಗದ ಹಾಗೆ ಒಂದು ಡಬ್ಬಿಯಲ್ಲಿ ಹಾಕಿಡಿ, ಯಾರಿಗಾದರೂ ಬೇಕಾಗುತ್ತದೆ.

ಇತಿ,
ಒಬ್ಬ ಡಿಟಿಪಿ ಕೆಲಸಗಾರ
ಬದಿಯಡ್ಕ, ಕಾಸರಗೋಡು ಜಿಲ್ಲೆ